ಗುಲಾಬಿ ಹಾಳೆಯ ಮೇಲಿನ ಕುರಿಗಳು

ಆಗ ನಮ್ಮೂರ ಸಾಲಿಗೆ ಕರೆಂಟಿನ ಕಂಬ ಬಂದಿತ್ತು, ಕರೆಂಟು ಇನ್ನೂ ದಾರಿಯಲ್ಲಿತ್ತು. ಝೆರಾಕ್ಸ್ ಅನ್ನುವ ಮಷೀನು ಬೀದರಿನಲ್ಲಿದೆಯಂತೆ, ಒಂದು ಹಾಳೆ ಹಾಕಿದರೆ ಅಂಥದೇ ಇನ್ನೊಂದು ಬರುತ್ತದಂತೆ ಎಂದು ಪೇಟೆಗೆ ಹೋಗಿಬಂದವರು ಹೇಳಿದರೆ ನಾವು ಬಾಯಿ ತೆರೆದು ಕೇಳುತ್ತಿದ್ದೆವು. ಈಗ ನಾನೇ ಔರಾದಿನಲ್ಲಿ ಪ್ರೈಮರಿ ಸಾಲಿಯ ಟೀಚರ್. ಫೋನಿನಲ್ಲಿ ಬೆರಳು ಒತ್ತಿದರೆ ಸ್ಟಾಫ್ ರೂಮಿನ ಪ್ರಿಂಟರು ಗುರ್ ಅಂದು ನಲವತ್ತು ಹಾಳೆ ಹೊರಗೆ ಹಾಕುತ್ತದೆ. ಚುಕ್ಕಿ ಸೇರಿಸು, ಬಣ್ಣ ತುಂಬು, ಎಣಿಸಿ ಬರೆ. ಮಕ್ಕಳು ಹತ್ತು ನಿಮಿಷದಲ್ಲಿ ಮುಗಿಸಿ "ಆತ್ರಿ ಟೀಚರ್" ಎಂದು ಮೇಜಿನ ಮೇಲೆ ಒಟ್ಟುತ್ತಾರೆ. ಆಗೆಲ್ಲ ನನ್ನ ಗುಲಾಬಿ ಹಾಳೆಗಳು ನೆನಪಾಗುತ್ತವೆ. ಅವು ನಲವತ್ತು ಮಂದಿಗೆ ಅಚ್ಚಾದವಲ್ಲ, ನನ್ನೊಬ್ಬಳಿಗಾಗಿ ಅಚ್ಚಾದವು. ಇದನ್ನು ಹಮ್ಮು ಅನ್ನುವವರು ಅನ್ನಲಿ, ನನಗೆ ಹಮ್ಮು ಇದೆ.

ನಮ್ಮೂರು ಭಾಲ್ಕಿ ತಾಲೂಕಿನದು, ಭಾತಂಬ್ರಾಕ್ಕೆ ನಡೆದು ಹೋಗುವಷ್ಟು ಹತ್ತಿರ. ನಮ್ಮದು ಕುರಿ ಮನೆತನ. ದೀಪಾವಳಿ ಮುಗಿದ ಮೇಲೆ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹಿಂಡು ಹೊಡೆದುಕೊಂಡು ಬೀದರ ದಾಟಿ ಜನವಾಡದ ಕಡೆ ಹೋಗುತ್ತಿದ್ದ. ರಾಶಿ ಮುಗಿದ ಹೊಲಗಳಲ್ಲಿ ಕುರಿ ತರುಬುತ್ತಿದ್ದ. ಕುರಿ ಮಲಗೆದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ, ಅದಕ್ಕೆ ಹೊಲದವರು ಜೋಳ ಕೊಡುತ್ತಿದ್ದರು. ಹೋಳಿ ಹತ್ತಿರ ಬಂದಾಗ ಹಿಂಡು ಊರ ದಾರಿ ಹಿಡಿಯುತ್ತಿತ್ತು. ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಅವ್ವ ಹಸಿಬಾಣಂತಿ, ಅಪ್ಪ ಹೊಲ ಬಿಟ್ಟು ಬರುವಂತಿಲ್ಲ. ಮರಿಗಳನ್ನು ನೋಡಿಕೊಳ್ಳಲು ಮುತ್ಯಾನಿಗೆ ಒಂದು ಜೊತೆ ಕೈ ಬೇಕಿತ್ತು. ಆ ಕೈ ನನ್ನದಾಯಿತು.

ಮುತ್ಯಾ ನನ್ನನ್ನು ಕರೆದುಕೊಂಡು ಸಾಲಿಗೆ ಹೇಳಲು ಹೋದಾಗ ಹೆಡ್ ಮಾಸ್ತರರು ಹಾಜರಿ ಪುಸ್ತಕ ಮುಚ್ಚಿ ಹೇಳಿದರು: "ನಾಕ್ ತಿಂಗಳು ಸಾಲಿಗಿ ಬರ್ದಾಕಿಗಿ ಐದನೇದಕ್ಕ ಹ್ಯಾಂಗ ಕಳಸ್ಲಿ? ಹೋಳಿ ಆದ ಮ್ಯಾಲ ಭಾಲ್ಕಿಯಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಅವರ ಮುಂದ ಪರೀಕ್ಷಾ ಕೊಡ್ಲಿ. ಆಗಲಿಲ್ಲಂದ್ರ ಹೆಸರ್ ತಗೀತೇನಿ."

ಮುತ್ಯಾ ತಲೆಯ ರುಮಾಲು ಸರಿಮಾಡಿಕೊಂಡು ಅಲ್ಲೇ ತೀರ್ಪು ಕೊಟ್ಟ. "ಬರೋಬ್ಬರಿ ಅದ. ಮಾಳೀ, ಪಾಸಾದ್ರ ಸಾಲಿಗಿ ಹೋಗು, ನಾ ಬ್ಯಾಡ ಅನ್ನಲ್ಲ. ಆಗಲಿಲ್ಲಂದ್ರ ಮರಿ ಕಾಯಿ. ಎರಡೂ ಕೆಲಸೇ, ಯಾವುದೂ ಸಣ್ಣದಲ್ಲ."

ನನಗೆ ಮರಿಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಈಗಲೂ ಮರಿಯ ಮೂತಿಯ ಹಾಲಿನ ವಾಸನೆ ನೆನೆದರೆ ಕಣ್ಣು ತುಂಬುತ್ತದೆ. ಆದರೆ ನನಗೆ ಸಾಲಿ ಬೇಕಿತ್ತು. ಹೆಸರು ತೆಗೆಯುವುದು ಅಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಹೆಸರು ತೆಗೆಸಿಕೊಂಡ ಅಕ್ಕಂದಿರು ಬಹಳ ಮಂದಿ ಇದ್ದರು, ಮತ್ತೆ ಬರೆಸಿಕೊಂಡವರು ಒಬ್ಬರೂ ಇರಲಿಲ್ಲ. ಸಾಲಿಯ ಹಿಂದಿನ ಬೇವಿನ ಗಿಡಕ್ಕೆ ಮುಖ ಮಾಡಿ ಹೊಟ್ಟೆ ತುಂಬ ಅತ್ತೆ.

ಅಲ್ಲಿಗೆ ಸುಜಾತಾ ಅಕ್ಕೋರು ಬಂದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತಿದ್ದೆವು. ಬೀದರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದರು, ವಯಸ್ಸು ಸಣ್ಣದು, ಮಾತು ಕಡಿಮೆ. ತಮ್ಮ ಸೆರಗಿನಿಂದಲೇ ನನ್ನ ಮೂಗು ಒರೆಸಿ, "ಯಾಕ ಅಳ್ತಿ? ನೀ ಸಾಲಿಗಿ ಬರ್ಲಿಕ್ಕಾಗಲ್ಲಂದ್ರ ಸಾಲಿ ನಿನ್ನ ಕಡಿ ಬರ್ತದ" ಎಂದರು. ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತು ಅಂದುಕೊಂಡೆ.

ಜನವಾಡದ ಹೊಲಕ್ಕೆ ಹೋದ ಮೊದಲ ಭಾನುವಾರವೇ ಅಕ್ಕೋರು ಔರಾದ ಬಸ್ಸಿನಿಂದ ಇಳಿದು, ಕಪ್ಪು ಮಣ್ಣಿನ ಹೆಂಟೆಗಳ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದರು. ಚೀಲದಲ್ಲಿ ಸುರುಳಿ ಸುತ್ತಿದ ಕಾಗದದ ಕಂತೆ. ಬಿಚ್ಚಿದರೆ ಗುಲಾಬಿ ಬಣ್ಣ. ಬೀದರಿನ ಒಂದು ಅಚ್ಚಿನ ಮನೆಯಲ್ಲಿ ಲಗ್ನಪತ್ರಿಕೆಗೆ ಕತ್ತರಿಸಿ ಉಳಿದ ಉದ್ದುದ್ದ ಪಟ್ಟಿಗಳು ಅವು. ಅಕ್ಕೋರ ಅಪ್ಪ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು. ಚೀಲದ ಮೇಲೆ ಅಡತಿ ಅಂಗಡಿಯ ಗುರುತು ಹೊಡೆಯುವ ಕೆಲಸ ಅವರದೇ. ಗುರುತಿನ ಆಕಾರಕ್ಕೆ ಕೊರೆದ ತಗಡನ್ನು ಚೀಲದ ಮೇಲಿಟ್ಟು ಮಸಿಯ ಬ್ರಷ್ ಎಳೆದರೆ ಗುರುತು ಮೂಡುತ್ತದೆ. ಮಗಳು ಕೇಳಿದಳೆಂದು ಅವರು ಹಳೆಯ ಎಣ್ಣೆ ಡಬ್ಬಿಯ ತಗಡಿನಲ್ಲಿ ಕೋಳಿ, ಕೊಡ, ಜೋಳದ ತೆನೆ, ಲಿಂಬೆಹಣ್ಣು ಎಲ್ಲ ಕೊರೆದುಕೊಟ್ಟಿದ್ದರು. ಚಿತ್ರದ ಕೆಳಗೆ ಅಕ್ಕೋರು ಕೈಯಿಂದ ಪ್ರಶ್ನೆ ಬರೆದಿದ್ದರು. ಕೋಳಿಗೆ ದಾರಿ ತೋರಿಸು. ತೆನೆ ಎಣಿಸು. ಹೆಸರು ಬರೆ. ಹಾಳೆಗೆ ಸೀಮೆಎಣ್ಣೆ ಬೆರೆತ ಮಸಿಯ ವಾಸನೆ. ನಾನು ಮೊದಲು ಓದಲಿಲ್ಲ, ಮೂಸಿ ನೋಡಿದೆ.

"ಒಂದು ವಾರಕ್ಕ ಏಳು ಹಾಳಿ. ದಿನಕ್ಕೊಂದು. ಭಾನುವಾರ ನೋಡ್ತೇನಿ" ಎಂದರು ಅಕ್ಕೋರು.

ಕತ್ತರಿಸಿ ಅಂಟಿಸು ಅಂತ ಇದ್ದರೆ ನನ್ನಲ್ಲಿ ಕತ್ತರಿ ಎಲ್ಲಿಂದ ಬರಬೇಕು? ಕುರಿ ಉಣ್ಣೆ ಕತ್ತರಿಸುವ ಮೊಳದುದ್ದದ ಕತ್ತರಿ ಇತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದು ಕವಡೆಯಷ್ಟು ಲಿಂಬೆಹಣ್ಣು ಕತ್ತರಿಸುತ್ತಿದ್ದೆ. ಅಂಟು ಜಾಲಿ ಗಿಡದಲ್ಲಿತ್ತು. ಹಸಿರಿಗೆ ಹಸಿ ಎಲೆ ತಿಕ್ಕುತ್ತಿದ್ದೆ, ಕೆಂಪಿಗೆ ಕುರಿಗೆ ಗುರುತು ಹಚ್ಚುವ ಕಾವಿ ಇತ್ತು. ಗಾಳಿಗೆ ಹಾಳೆ ಹಾರಬಾರದೆಂದು ಅದರ ಮೇಲೆ ಮಲಗಿಸುತ್ತಿದ್ದದ್ದು ಒಂದು ಮರಿಯನ್ನು. ಅದು ಒಂದು ಭಾನುವಾರ ಬೆಳಿಗ್ಗೆ "ಮ" ದಿಂದ ಶುರುವಾಗುವ ಪದಗಳನ್ನೆಲ್ಲ ತಿಂದುಬಿಟ್ಟಿತು. ಅಕ್ಕೋರಿಗೆ ಹೇಳಿದರೆ ನಂಬಲಿಕ್ಕಿಲ್ಲ ಎಂದು ಹೆದರಿದ್ದೆ. ಅವರು ಮರಿಯ ಬಾಯಿ ಬಿಡಿಸಿ, ಗುಲಾಬಿ ಚೂರು ನೋಡಿ, "ಇದೂ ಪಾಸಾಯ್ತು ಬಿಡು" ಎಂದರು.

ನಾಲ್ಕನೇ ವಾರ ಬಂದದ್ದು ಕುರಿಯ ಹಾಳೆ. ನಾನು ಖುಷಿಪಡಲೆಂದೇ ಅವರಪ್ಪ ಹೊಸ ಅಚ್ಚು ಕೊರೆದಿದ್ದರು. ಗುಲಾಬಿ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಕರಿ ಕರಿ ಕುರಿಗಳು. ಕೆಳಗೆ ಬರೆದಿತ್ತು: ಕುರಿಗಳು ಎಷ್ಟಿವೆ? ಎಣಿಸಿ ಬರೆ.

ಕಂಬಳಿಯ ಮೇಲೆ ಹಾಳೆ ಹರವಿ ಮೊದಲ ಕುರಿಯ ಮೇಲೆ ಬೆರಳಿಟ್ಟು "ಒಂದು" ಅಂದೆ. ಎರಡು ಅನ್ನುವುದರೊಳಗೆ ಹಾಳೆ ಮುತ್ಯಾನ ಕೈಯಲ್ಲಿತ್ತು.

"ಏನ್ ಮಾಡ್ಲಕತ್ತಿ? ಕುರಿ ಎಣಸ್ತಿ?" ಮುತ್ಯಾನ ಧ್ವನಿ ನಡುಗುತ್ತಿತ್ತು. ಸಿಟ್ಟಲ್ಲ ಅದು, ಹೆದರಿಕೆ.

ಕುರಿಯವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು ಇದು. ಕುರಿ ಎಣಿಸಬಾರದು. ಎಣಿಸಿದರೆ ಹಿಂಡಿಗೆ ದೃಷ್ಟಿ, ಎಣಿಸಿದಷ್ಟಕ್ಕೆ ನಿಂತುಹೋಗುತ್ತದೆ, ಆಮೇಲೆ ಇಳಿಯುತ್ತದೆ. ಯಾರಾದರೂ ಎಷ್ಟು ಕುರಿ ಅಂತ ಕೇಳಿದರೆ "ದೇವರು ಕೊಟ್ಟಷ್ಟು" ಅನ್ನಬೇಕು. ನನಗೆ ಅದು ಗೊತ್ತಿತ್ತು, ಆದರೆ ಕಾಗದದ ಕುರಿಗೂ ಈ ಮಾತು ಹತ್ತುತ್ತದೆಂದು ಹೊಳೆದಿರಲಿಲ್ಲ. ಅಕ್ಕೋರಿಗಂತೂ ಈ ಸುದ್ದಿಯೇ ಗೊತ್ತಿಲ್ಲ.

ನನ್ನ ನಸೀಬು ನೋಡಿ, ಮರುದಿನ ಮಧ್ಯಾಹ್ನ ಬಿಳಿಗಿವಿ ಎಂಬ ನಮ್ಮ ಕುರಿ ಕೊಯ್ದ ಜೋಳದ ಬುಡದಲ್ಲಿ ಒಡೆದ ಎಳೆ ಚಿಗುರು ತಿಂದು, ಹೊಟ್ಟೆ ಉಬ್ಬಿ ನಮ್ಮ ಕಣ್ಣೆದುರೇ ಕಾಲು ಚಾಚಿತು. ಆ ಚಿಗುರು ವಿಷ ಎಂದು ಮುತ್ಯಾನಿಗೆ ಗೊತ್ತು. ಆದರೂ ಅವನು ನನ್ನ ಕಡೆ ಒಮ್ಮೆ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೇ ಕೊಂದೆ ಅನ್ನಿಸಿ ಆ ದಿನ ರೊಟ್ಟಿ ಮುಟ್ಟಲಿಲ್ಲ.

"ಆ ಹಾಳಿ ಒಲಿಗಿ ಹಾಕ್ದೆ" ಎಂದ ಮುತ್ಯಾ. "ಇನ್ನ ಮ್ಯಾಲ ಹಾಳಿ ಗೀಳಿ ಬ್ಯಾಡ."

ಆ ಭಾನುವಾರ ಅಕ್ಕೋರು ಬಂದಾಗ ಮುತ್ಯಾ ಬೆನ್ನು ತಿರುಗಿಸಿ ಕೂತಿದ್ದ. ನಾನು ಅಳುತ್ತ ಎಲ್ಲ ಹೇಳಿದೆ. ಅಕ್ಕೋರು ನಗುತ್ತಾರೋ, ಮೂಢನಂಬಿಕೆ ಅಂತ ಪಾಠ ಶುರುಮಾಡುತ್ತಾರೋ ಎಂದು ನನ್ನ ಜೀವ ಕೈಯಲ್ಲಿತ್ತು. ಅವರು ಮುತ್ಯಾನ ಎದುರಿಗೆ ಹೋಗಿ ಬರಿ ನೆಲದ ಮೇಲೆ ಕೂತರು.

"ತಪ್ಪು ನಂದದರಿ ಮುತ್ಯಾ. ಎಣಸು ಅಂತ ಬರ್ದಾಕಿ ನಾ. ಮಾಳಿಗಿ ಏನೂ ಅನ್ನಬ್ಯಾಡ್ರಿ."

ಮುತ್ಯಾ ಕೋಲಿನ ತುದಿಯಿಂದ ನೆಲ ಕೆದರುತ್ತ ಕೂತ.

"ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎಣಸಲ್ಲಂದ್ರ, ಸಂಜೀಗಿ ಒಂದು ಕುರಿ ಕಡಿಮಿ ಬಂದ್ರ ಹ್ಯಾಂಗ ತಿಳೀತದ?"

ಕುರಿಯ ವಿಷಯ ಕೇಳಿದರೆ ಮುತ್ಯಾನ ಬಾಯಿ ಮುಚ್ಚಿರುವುದಿಲ್ಲ. "ಮನ್ಯಾಗ ಊಟಕ್ಕ ಕುಂತಾಗ ಮಗ ಬಂದಿಲ್ಲಂತ ತಿಳೀಲಾಕ ನೀವು ಎಣಸ್ತೀರೇನು? ಮಾರಿ ನೋಡ್ತೀರಿ. ತಾಯಿ ಬಂತು, ಅದರ ಮರಿ ಎಲ್ಲಿ? ಮರಿ ಬಂತು, ತಾಯಿ ಎಲ್ಲಿ? ಹಿಂಗ ಜೋಡಿ ಹಚ್ಕೊಂತ ಹೋದ್ರ ಹಿಂಡು ತುಂಬ್ಯದೋ ಇಲ್ಲೋ ಗೊತ್ತಾಗ್ತದ." ಸುಣ್ಣದ ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಸೇರಿಸಿದ: "ಮತ್ತ ನಿಮ್ಮ ಹಾಳ್ಯಾಗಿಂದು ಹಿಂಡೇ ಅಲ್ರಿ ಅಕ್ಕೋರೆ. ಪುರಾ ಒಂದೇ ಮಾರಿ. ಒಂದೇ ಕುರಿ ಮತ್ತ ಮತ್ತ ಅಚ್ಚು ಹೊಡ್ದೀರಿ. ಮ್ಯಾಲ ಒಂದಕ್ಕೂ ಕಣ್ಣಿಲ್ಲ. ಪಾಪ, ಹ್ಯಾಂಗ ಮೇಯಬೇಕು ಅವು?"

ಅಕ್ಕೋರು ಚೀಲದಿಂದ ಪೆನ್ಸಿಲ್ ತೆಗೆದರು. "ಯಾವ ಯಾವ ಮಾರಿ ಬೇಕು, ಹೇಳ್ರಿ."

ಮುತ್ಯಾ ಹೇಳುತ್ತ ಹೋದ, ಅಕ್ಕೋರು ಬರೆಯುತ್ತ ಹೋದರು. ಜೋಲುಗಿವಿಯದು, ಮುರುಕುಕೊಂಬಿನದು, ಕುಂಟುವುದು, ಗಬ್ಬದ್ದು, ನಿನ್ನೆ ಹುಟ್ಟಿದ್ದು. ಕೊನೆಗೆ ಅಕ್ಕೋರು ಬಹಳ ಮೆತ್ತಗೆ ಕೇಳಿದರು: "ಕಾಲು ಎಣಸಬಹುದೇನ್ರಿ?"

ಮುತ್ಯಾ ಎಲೆ ಅಗಿಯುವುದು ನಿಲ್ಲಿಸಿದ. ಆಕಾಶ ನೋಡಿದ, ಹಿಂಡು ನೋಡಿದ. ತನ್ನ ಅಪ್ಪ, ಅಪ್ಪನ ಅಪ್ಪ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡಿರಬೇಕು. "ಕಾಲಿಗಿ ಯಾರೂ ಬ್ಯಾಡಂದಿಲ್ಲ" ಎಂದ.

ಅವತ್ತಿನಿಂದ ನನ್ನ ಸಾಲಿಗೆ ಇಬ್ಬರು ಮಾಸ್ತರರು. ಮುತ್ಯಾ ಹೇಳಿದ ಮುಖಗಳನ್ನು ಅಕ್ಕೋರ ಅಪ್ಪ ತಗಡಿನಲ್ಲಿ ಕೊರೆಯುವುದು, ಅಕ್ಕೋರು ಗುಲಾಬಿ ಹಾಳೆಗೆ ಹೊಡೆದು ತರುವುದು. ತಾಯಿಗೂ ಮರಿಗೂ ಗೆರೆ ಎಳೆ. ಜೋಡಿ ಇಲ್ಲದ್ದು ಯಾವುದು, ಅದರ ಕಥೆ ಬರೆ. ಇಷ್ಟು ಕುರಿಗೆ ಕಾಲು ಎಷ್ಟು. ನಾಲ್ಕರ ಮಗ್ಗಿ ನನಗೆ ಕಾಲಿನಿಂದ ಬಂತು, ಬಾಯಿಂದ ಬರಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆಯ ದಿನ ಹೊಲದವರು ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಅಂಬಲಿ ತಂದು ಊಟಕ್ಕೆ ಕೂಡಿಸಿದರು. ಅಕ್ಕೋರು ಬಂದಿದ್ದರು. ಅಕ್ಷರ ಬಾರದ ಮುತ್ಯಾ ಎಲ್ಲರೆದುರು ಹಾಳೆ ಹಿಡಿದು, "ಈ ಹಾಳಿ ನಾ ಹೇಳಿದ್ದು. ಈಕೀಗಿ ಇನ್ನೂ ಬಿಡಿಸ್ಲಾಕ ಬಂದಿಲ್ಲ" ಎಂದು ನನ್ನನ್ನು ಅಣಕಿಸಿದ. ಹಾಳೆ ತಲೆಕೆಳಗಾಗಿತ್ತು. ಯಾರೂ ಹೇಳಲಿಲ್ಲ.

ಮುತ್ತುಗದ ಹೂ ಅರಳಿ, ಹೋಳಿ ಮುಗಿದು, ಹಿಂಡು ಊರಿಗೆ ಬಂತು. ಪರೀಕ್ಷೆಯ ದಿನ ಮುತ್ಯಾ ಒಗೆದ ಧೋತರ ಉಟ್ಟು ನನ್ನನ್ನು ಸಾಲಿಗೆ ಕರೆತಂದು, ತಾನು ಕಿಟಕಿಯ ಹೊರಗೆ ಬೇವಿನ ನೆರಳಲ್ಲಿ ಕೂತ. ಒಳಗೆ ಭಾಲ್ಕಿಯ ಸಾಹೇಬರು, ಹೆಡ್ ಮಾಸ್ತರರು, ಗೋಡೆಗೆ ಒರಗಿ ನಿಂತ ಅಕ್ಕೋರು. ಸಾಹೇಬರು ಕೊಟ್ಟ ಹಾಳೆ ದೊಡ್ಡ ಅಚ್ಚಿನ ಮನೆಯದು. ಬೆಳ್ಳಗೆ, ನುಣ್ಣಗೆ, ವಾಸನೆಯೇ ಇಲ್ಲ.

ಮೊದಲ ಪ್ರಶ್ನೆ ನೋಡಿದೆ. ಹುಲ್ಲುಗಾವಲಿನಲ್ಲಿ ಕುರಿ ಮತ್ತು ಮರಿಗಳು. ಎಣಿಸಿ ಒಟ್ಟು ಸಂಖ್ಯೆ ಬರೆ.

ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಕೂಡಿಸುವುದು, ಕಳೆಯುವುದು, ಪಾಠ ಓದಿ ಉತ್ತರ, ಎಲ್ಲ ನೀರು ಕುಡಿದಂತಾಯಿತು. ಮತ್ತೆ ಮೊದಲಿಗೆ ಬಂದೆ. ಕಿಟಕಿಯಲ್ಲಿ ಮುತ್ಯಾನ ರುಮಾಲಿನ ತುದಿ ಕಾಣುತ್ತಿತ್ತು. ಸುಮ್ಮನೆ ಮನಸ್ಸಿನಲ್ಲೇ ಎಣಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಬಿಳಿಗಿವಿಯ ಉಬ್ಬಿದ ಹೊಟ್ಟೆ ಕಣ್ಣಿಗೆ ಕಟ್ಟಿತು. ಆ ಜಾಗ ಖಾಲಿ ಬಿಟ್ಟೇ ಹಾಳೆ ಕೊಟ್ಟೆ.

ಸಾಹೇಬರು ಕೆಂಪು ಪೆನ್ನು ತೆಗೆದರು. "ಮೊದಲ್ನೇದೇ ಬರ್ದಿಲ್ಲ. ಒಂದನೇ ಕ್ಲಾಸಿನ ಹುಡುಗ್ರೂ ಮಾಡ್ತಾರ ಇದು."

"ನಾ ಹೇಳಿದ್ದೆನಲ್ರಿ ಸಾಹೇಬ್ರೆ" ಎಂದರು ಹೆಡ್ ಮಾಸ್ತರರು. ಅಕ್ಕೋರ ಮುಖ ಬಿಳಿಚಿಕೊಂಡಿತ್ತು. ನಾನು ಯಾಕೆ ಬಿಟ್ಟೆನೆಂದು ಅವರಿಗೆ ತಿಳಿದಿತ್ತು, ಆದರೆ ಪರೀಕ್ಷೆಯಲ್ಲಿ ಟೀಚರು ಮಾತಾಡುವಂತಿಲ್ಲ.

"ಯಾಕ, ಎಣಸ್ಲಾಕ ಬರಲ್ಲೇನು ನಿಂಗ?" ಸಾಹೇಬರು ಕೇಳಿದರು.

"ಬರ್ತದರಿ. ಕುರಿ ಎಣಸಬಾರದ್ರಿ."

"ಇವು ಚಿತ್ರದಾಗಿನ ಕುರಿ ಅವ."

"ಯಾರದರೇ ಮನೀವು ಇರ್ತಾವಲ್ರಿ" ಎಂದೆ.

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ಬಾಯಿ ನಿಲ್ಲಲಿಲ್ಲ. "ಒಂದು ಮರೀಗಿ ತಾಯಿ ಇಲ್ರಿ ಇದ್ರಾಗ. ಉಳಿದವೆಲ್ಲ ಜೋಡಿ ಅವ. ಕಾಲು ನೂರು ಅವರಿ. ಒಂದು ಮರಿ ಮಲಗ್ಯದ, ಅದರ ಎರಡು ಕಾಲು ಕಾಣಲ್ಲ, ಅವೂ ಹಿಡಿದೀನಿ. ಒಂದೊಂದಕ್ಕ ನಾಕು ಕಾಲು. ನೂರಕ್ಕ ನಾಕರಿಂದ ಭಾಗಾಕಾರ ಮಾಡ್ರಿ. ಉತ್ತರ ನೀವೇ ಬರ್ಕೋರಿ, ನಾ ಅನ್ನಲ್ಲ."

ಹೆಡ್ ಮಾಸ್ತರರು ಕೆಮ್ಮಿದರು. ಸಾಹೇಬರು ಪೆನ್ನಿನ ತುದಿಯಿಂದ ಒಂದೊಂದೇ ಕುರಿ ಮುಟ್ಟುತ್ತ ಹೋಗಿ, "ಇಪ್ಪತ್ನಾಕು. ನಿನ್ನ ಲೆಕ್ಕ ತಪ್ಪದ" ಎಂದರು.

"ಮಲಗಿದ ಮರಿ ಬಿಟ್ರಿ, ಸಾಹೇಬ್ರೆ."

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಒಯ್ದರು. ಹುಲ್ಲಿನ ಮರೆಯಲ್ಲಿ ಅದು ಇತ್ತು. ಮತ್ತೆ ಮೊದಲಿಂದ ಎಣಿಸಿದರು. ಈ ಸಲ ತಾಯಿ ಬೇರೆ, ಮರಿ ಬೇರೆ. ಹನ್ನೆರಡು ತಾಯಿ, ಹದಿಮೂರು ಮರಿ. ಆಮೇಲೆ ಅವರು ಪೆನ್ನು ಕೆಳಗಿಟ್ಟು ನಕ್ಕರು ನೋಡಿ, ಆ ನಗು ಕೇಳಿ ಮುತ್ಯಾ ಕಿಟಕಿಯಲ್ಲಿ ಎದ್ದು ನಿಂತ. ನಾನು ಬಿಟ್ಟ ಜಾಗದಲ್ಲಿ ಸಾಹೇಬರು ತಮ್ಮ ಕೈಯಿಂದಲೇ ಉತ್ತರ ಬರೆದು, ಅದಕ್ಕೆ ತಾವೇ ಸರಿ ಗುರುತು ಹಾಕಿದರು.

"ಯಾರು ಕಲಿಸಿದ್ರು ನಿಂಗ?"

ನಾನು ಒಂದು ಕೈ ಗೋಡೆಯ ಕಡೆ ತೋರಿಸಿದೆ, ಇನ್ನೊಂದು ಕೈ ಕಿಟಕಿಯ ಕಡೆ. ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅವತ್ತು ನಾನು ಊರ ನಡುವೆ ರಾಣಿಯಂತೆ ನಡೆದು ಮನೆಗೆ ಹೋದೆ. ಎದುರು ಬಂದವರಿಗೆಲ್ಲ ಮುತ್ಯಾ ಹೇಳಿದ್ದು ಒಂದೇ ಮಾತು: "ಸಾಹೇಬನೇ ತಪ್ಪಿದ. ನಮ್ಮಾಕಿ ತಪ್ಪಲಿಲ್ಲ." ಅವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ನನ್ನ ದೃಷ್ಟಿ ತೆಗೆದಳು. ಊಟಕ್ಕೆ ಕೂತಾಗ ಮುತ್ಯಾ ಅಪ್ಪನಿಗೆ, "ಮುಂದಿನ ವರ್ಷ ಮರಿ ಕಾಯ್ಲಾಕ ಬ್ಯಾರೆಯವ್ರಿಗಿ ನೋಡು. ಈಕಿ ಸಾಲಿಗಿ ಹೋಗ್ತಾಳ. ಮಾತಂದ್ರ ಮಾತು" ಎಂದ. ನಮ್ಮ ಓಣಿಯಿಂದ ಐದನೇ ತರಗತಿಗೆ ಕಾಲಿಟ್ಟ ಮೊದಲ ಹುಡುಗಿ ನಾನು.

ಈಗ ಮುತ್ಯಾ ಇಲ್ಲ. ಹಿಂಡು ಅವನಿದ್ದಾಗಲೇ ಕೊಟ್ಟಾಯಿತು. ಅಕ್ಕೋರು ರಿಟೈರಾಗಿ ಬೀದರಿನಲ್ಲಿದ್ದಾರೆ, ಫೋನ್ ಮಾಡಿದರೆ ಮೊದಲು ಕೇಳುವುದು "ಈ ವಾರ ಏನು ಅಚ್ಚು ಹಾಕ್ದಿ?" ಅಂತಲೇ. ನನಗೆ ನಾಚಿಕೆಯಾಗುತ್ತದೆ. ನಾನು ಅಚ್ಚು ಹಾಕುವುದಿಲ್ಲ, ಯಾರೋ ಎಲ್ಲೋ ಹಾಕಿದ್ದನ್ನು ಇಳಿಸಿಕೊಳ್ಳುತ್ತೇನೆ. ಹಾಳೆಗಳು ಚಂದವೇ ಇರುತ್ತವೆ. ಕುರಿಗೆ ಕಣ್ಣಿರುತ್ತದೆ, ರೆಪ್ಪೆ ಕೂಡ ಇರುತ್ತದೆ. ಆದರೆ ಅವು ಯಾರ ಕುರಿಯೂ ಅಲ್ಲ. ನನ್ನ ನಲವತ್ತು ಮಕ್ಕಳಲ್ಲಿ ಯಾರ ಮನೆಯ ಮುತ್ಯಾನ ಎದುರಿಗೂ ನಾನು ನೆಲದ ಮೇಲೆ ಕೂತು, ಏನು ಬರೆಯಬೇಕು, ಏನು ಬರೆಯಬಾರದು ಎಂದು ಕೇಳಿಲ್ಲ.

ಮುತ್ಯಾ ಹೋದ ಮೇಲೆ ಅವನ ಕಂಬಳಿ ಬಿಸಿಲಿಗೆ ಹಾಕಲು ಬಿಚ್ಚಿದಾಗ ಮಡಿಕೆಯೊಳಗಿಂದ ಒಂದು ಸುರುಳಿ ಬಿತ್ತು. ಬಣ್ಣ ಮಾಸಿದ ಗುಲಾಬಿ ಪಟ್ಟಿ. ಒಲೆಗೆ ಹಾಕಿದೆ ಅಂದಿದ್ದ ಅದೇ ಹಾಳೆ. ಈ ತುದಿಯಿಂದ ಆ ತುದಿಯವರೆಗೆ ಕರಿ ಕುರಿಗಳು, ಒಂದೊಂದರ ತಲೆಯಲ್ಲೂ ಸುಣ್ಣದ ಒಂದು ಬಿಳಿ ಚುಕ್ಕಿ. ಬೆರಳ ತುದಿಯಿಂದ ಅವುಗಳಿಗೆಲ್ಲ ಕಣ್ಣಿಟ್ಟಿದ್ದ. ಒಂದನ್ನೂ ಬಿಟ್ಟಿರಲಿಲ್ಲ.

ಕೆಳಗೆ ಅಕ್ಕೋರ ಅಕ್ಷರ ಇನ್ನೂ ಹಾಗೇ ಇತ್ತು, ಕುರಿಗಳು ಎಷ್ಟಿವೆ ಎಂದು. ಅಂಗಳದಲ್ಲಿ ಕೂತು ಹಾಳೆಯನ್ನು ಮಡಿಲಲ್ಲಿ ಹರವಿಕೊಂಡೆ. ಕಣ್ಣೀರು ಬೀಳದಂತೆ ಮುಖ ಆ ಕಡೆ ಮಾಡಿ ಒರೆಸಿಕೊಂಡೆ. ಮೊದಲ ಕುರಿಯ ಮೇಲೆ ಬೆರಳಿಟ್ಟೆ, ಕೆಳಗೆ ಜಾರಿಸಿದೆ, ಕಾಲಿನಿಂದ ಶುರು ಮಾಡಿದೆ.